ನಾಲ್ಕು ಅಡಿ ಅಕ್ವೇರಿಯಂ ಹೊಸ ಸ್ಟ್ಯಾಂಡಿಗೆ ಬದಲಾಯಿಸಬೇಕು. ನೀರು ಪೂರ್ತಿ ತೆಗೆಯಬೇಕಾ?

ವಿಜಯನಗರ_ಏಂಜಲ್
ಎಲ್ಲರಿಗೂ ನಮಸ್ಕಾರ. ನಮ್ಮ ಹಾಲ್‌ನಲ್ಲಿ 4 ಅಡಿ ಉದ್ದ, 1.5 ಅಡಿ ಅಗಲ, 1.5 ಅಡಿ ಎತ್ತರದ ಗಾಜಿನ ಟ್ಯಾಂಕ್ ಇದೆ. ಈಗ ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಮೇಲಿದೆ. ಅದರ ಹಿಂದಿನ ಕಾಲು ತುಕ್ಕು ಹಿಡಿದಿದೆ. ಉಗುರಿನಿಂದ ಕೆರೆದರೆ ಪದರ ಪದರವಾಗಿ ಉದುರುತ್ತದೆ. ಹೊಸ ಪ್ಲೈವುಡ್ ಸ್ಟ್ಯಾಂಡ್ ಮಾಡಿಸಿದ್ದೇವೆ, ಭಾನುವಾರ ಬರುತ್ತದೆ. ಹಳೆಯದು ಎರಡು ಅಡಿ ಎತ್ತರ, ಹೊಸದು ಎರಡೂವರೆ ಅಡಿ. ಜಾಗ ಅದೇ.

ಒಳಗೆ ನಾಲ್ಕು ಏಂಜಲ್, ವಿಡೋ ಟೆಟ್ರಾ ಗುಂಪು, ಕೋರಿ ಮೀನುಗಳು, ಬೆಳೆದು ದೊಡ್ಡದಾದ ಒಂದು ಸಕ್ಕರ್ ಮೀನು. ತಳದಲ್ಲಿ ಎರಡು ಇಂಚು ಮರಳು, ಅಲಂಕಾರಕ್ಕೆ ಒಂದು ಮರದ ಬೊಡ್ಡೆ (ಡ್ರಿಫ್ಟ್‌ವುಡ್). ಸ್ಟ್ಯಾಂಡಿನೊಳಗೆ ಇಟ್ಟು ಪೈಪಿನಿಂದ ಟ್ಯಾಂಕಿಗೆ ಜೋಡಿಸುವ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್.

ನಮ್ಮ ಭಾವ ಹೇಳುವುದು, "ಮುಕ್ಕಾಲು ಭಾಗ ನೀರು ತೆಗಿ, ನಾಲ್ಕು ಜನ ಹಿಡಿದು ಎತ್ತಿಡೋಣ, ಹತ್ತು ನಿಮಿಷದ ಕೆಲಸ. ಮೀನು ಹಿಡಿದು ಸುಮ್ನೆ ಯಾಕೆ ಹೆದರಿಸೋದು." ಅಂಗಡಿಯವರು ಹೇಳುವುದು, ಎಲ್ಲ ಖಾಲಿ ಮಾಡಿ, ಮರಳು ಫಿಲ್ಟರು ಎಲ್ಲ ಚೆನ್ನಾಗಿ ತೊಳೆದು, ಹೊಸ ನೀರು ತುಂಬಿ ಅಂತ. ಯಾವುದು ಸರಿ?

ಗಪ್ಪಿಗುರು
ಎರಡೂ ಬೇಡ. ಭಾವನ ಮಾತು ಕೇಳಿದರೆ ಟ್ಯಾಂಕ್ ಹೋಗುತ್ತದೆ, ಅಂಗಡಿಯವರ ಮಾತು ಕೇಳಿದರೆ ಮೀನು ಹೋಗುತ್ತದೆ.

ಮಂಗಳೂರು_ಮೀನು
ಗುರುಗಳು ಹೇಳಿದ್ದು ಸರಿ. ಆದರೆ ಯಾಕೆ ಅಂತಲೂ ಹೇಳಬೇಕಲ್ವಾ ಮಾರಾಯ್ರೆ.

ಲೆಕ್ಕ ನೋಡಿ. ನಿಮ್ಮ ಟ್ಯಾಂಕ್ 9 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಂಚಿನವರೆಗೆ ತುಂಬಿದರೆ ಸುಮಾರು 255 ಲೀಟರ್, ಅಂದರೆ 255 ಕೆ.ಜಿ. ಮುಕ್ಕಾಲು ತೆಗೆದ ಮೇಲೂ 60 ಕೆ.ಜಿ. ನೀರು ಒಳಗೇ ಇರುತ್ತದೆ. ಎರಡು ಇಂಚು ಮರಳು ಅಂದರೆ ಇನ್ನೊಂದು 40-45 ಕೆ.ಜಿ. ಗಾಜು 10 ಮಿ.ಮೀ. ಆಗಿದ್ದರೆ ಖಾಲಿ ಟ್ಯಾಂಕೇ 50 ಕೆ.ಜಿ. ದಾಟುತ್ತದೆ. ಎಲ್ಲ ಸೇರಿ 150 ಕೆ.ಜಿ. ಹತ್ತಿರ. ಜಾರುವ ಗಾಜು, ಒದ್ದೆ ಕೈ.

ಭಾರಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸ್ಟ್ಯಾಂಡ್ ಮೇಲೆ ಕೂತಾಗ ತಳದ ಗಾಜಿಗೆ ಉದ್ದಕ್ಕೂ ಆಸರೆ ಇರುತ್ತದೆ. ಎತ್ತಿದ ಕೂಡಲೇ ಆಸರೆ ಹೋಗಿ, ಕೈ ಹಿಡಿದ ಜಾಗಕ್ಕೆ ಮಾತ್ರ ಭಾರ ಬೀಳುತ್ತದೆ. ನಾಲ್ಕು ಜನ ಯಾವತ್ತೂ ಒಂದೇ ಸಮ ಎತ್ತುವುದಿಲ್ಲ. ಒಂದು ಮೂಲೆ ಮೇಲೆ, ಒಂದು ಕೆಳಗೆ. ಟ್ಯಾಂಕ್ ತಿರುಚಿಕೊಳ್ಳುತ್ತದೆ. ಒಳಗಿನ ನೀರು ಇಳಿಜಾರಿನ ಕಡೆ ಓಡಿ, ಆ ಮೂಲೆಯವರ ಕೈಗೆ ಒಮ್ಮೆಲೇ ಭಾರ ಬರುತ್ತದೆ. ಆಗ ಎಳೆತ ಬೀಳುವುದು ಮೂಲೆಯ ಸಿಲಿಕಾನ್ ಮೇಲೆ. ಅವತ್ತೇ ಸೋರುತ್ತದೆ ಅಂತಿಲ್ಲ. ವಾರ ಬಿಟ್ಟು, ಮನೆಯವರೆಲ್ಲ ಮಲಗಿದ ಮೇಲೆ ಸೋರಬಹುದು.

ಇನ್ನು ತೊಳೆಯುವ ವಿಷಯ. ಮೀನಿನ ಕಸದಿಂದ ಬರುವ ಅಮೋನಿಯವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದು ಫಿಲ್ಟರಿನ ಸ್ಪಂಜು, ಸೆರಾಮಿಕ್ ರಿಂಗುಗಳಲ್ಲಿ. ಮರಳಿನ ಮೇಲ್ಪದರದಲ್ಲೂ ಸ್ವಲ್ಪ. ಅದನ್ನೆಲ್ಲ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದರೆ ಟ್ಯಾಂಕ್ ಮತ್ತೆ ಮೊದಲ ದಿನಕ್ಕೆ ಹೋಗುತ್ತದೆ, ಮೀನು ಮಾತ್ರ ಪೂರ್ತಿ ಇರುತ್ತವೆ. ಮೂರನೇ, ನಾಲ್ಕನೇ ದಿನಕ್ಕೆ ಸಾಯಲು ಶುರುವಾಗುತ್ತವೆ. ಜನ ಆಮೇಲೆ ದೃಷ್ಟಿ ತಾಗಿತು ಅನ್ನುತ್ತಾರೆ.

ವಿಜಯನಗರ_ಏಂಜಲ್
ಧನ್ಯವಾದ ಅಕ್ಕ. ಭಾವನಿಗೆ ಇದನ್ನೇ ಓದಿ ಹೇಳಿದೆ, 150 ಕೆ.ಜಿ. ಅಂದ ಕೂಡಲೇ ಒಪ್ಪಿಕೊಂಡರು. ನೀರು ಪೂರ್ತಿ ತೆಗೆಯುತ್ತೇವೆ. ಮರಳೂ ತೆಗೆಯಲೇಬೇಕಾ?

ಹುಬ್ಬಳ್ಳಿ_ಆಸ್ಕರ್
ಮರಳು ಬಿಡ್ರಿ, ಅದೇನೂ ತೆಗೆಯೋದು ಬೇಡ. ಎರಡು ಅಡಿ ಟ್ಯಾಂಕನ್ನು ಮರಳು ಸಮೇತ ಎಷ್ಟೋ ಸಲ ಎತ್ತಿಟ್ಟಿದ್ದೇನೆ. ಏನೂ ಆಗಿಲ್ಲ.

ಮಂಗಳೂರು_ಮೀನು
ಎರಡು ಅಡಿಗೂ ನಾಲ್ಕು ಅಡಿಗೂ ತುಂಬ ವ್ಯತ್ಯಾಸ ಇದೆ ಸರ್. 2 × 1 ಅಡಿ ತಳಕ್ಕೆ ಎರಡು ಇಂಚು ಮರಳು ಹಾಕಿದರೆ 14-15 ಕೆ.ಜಿ. ಇವರದ್ದು ಅದರ ಮೂರು ಪಟ್ಟು. ಅದೂ ಉದ್ದದ ಗಾಜಿನ ನಟ್ಟ ನಡುವೆ ಕೂತಿರುತ್ತದೆ, ಎತ್ತುವವರ ಕೈ ತುದಿಯಲ್ಲಿರುತ್ತದೆ.

ಇನ್ನೂ ಒಂದು ಕಾರಣ ಇದೆ. ಹಳೆಯ ಮರಳಿನ ಅಡಿಯಲ್ಲಿ ಗಾಳಿಯಾಡದ ಕಪ್ಪು ಜಾಗ ಇರುತ್ತದೆ. ಕೆದಕಿದರೆ ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಟ್ಯಾಂಕ್ ಅಲುಗಾಡಿಸಿ, ಅದರ ಮೇಲೇ ನೀರು ತುಂಬಿದರೆ ಅಷ್ಟೂ ಕೊಳೆ ನೀರಿಗೆ ಬರುತ್ತದೆ. ಮೀನು ಬೇರೆ ಕಡೆ ಇರುವಾಗಲೇ ಮರಳು ತೆಗೆದು, ಟ್ಯಾಂಕಿನದೇ ಹಳೇ ನೀರಿನಲ್ಲಿ ಎರಡು ಸಲ ಕಲಕಿ ಚೆಲ್ಲಿದರೆ ಅದೂ ಹೋಗುತ್ತದೆ.

ಹುಬ್ಬಳ್ಳಿ_ಆಸ್ಕರ್
ನಾಲ್ಕು ಅಡಿಗೆ ಒಪ್ಪಿದೆ. ಎರಡು ಅಡಿಗೆ ನನ್ನ ಮಾತು ನನ್ನದೇ.

ಟೆಟ್ರಾ_ಅಮ್ಮ
ಮರಳು ತೆಗೆಯಲು ಹೊಸ ಪ್ಲಾಸ್ಟಿಕ್ ಕಸದ ಮೊರ ತಂದುಕೊಳ್ಳಿ. ಅಂಚು ಚಪ್ಪಟೆ ಇರುವುದರಿಂದ ತಳಕ್ಕೆ ಕೂತು ಚೆನ್ನಾಗಿ ಬಾಚುತ್ತದೆ. ಸ್ಟೀಲ್ ಸಟ್ಟುಗ ಬೇಡ, ಮೂಲೆಯ ಸಿಲಿಕಾನ್ ಕೀಳುತ್ತದೆ.

ಮರಗೆಲಸ_ಸಾಗರ
ಮೀನು ಸಾಕಿಲ್ಲ, ಆದರೆ ಅಕ್ವೇರಿಯಂ ಸ್ಟ್ಯಾಂಡ್ ಬೇಕಾದಷ್ಟು ಮಾಡಿದ್ದೇನೆ. ಮೊದಲು ಒಂದು ಮಾತು ಕೇಳುತ್ತೇನೆ. ಯಾವ ಪ್ಲೈ? ಎಷ್ಟು ದಪ್ಪ? ಮೇಲಿನ ಹಲಗೆ ಪಕ್ಕದ ಹಲಗೆಗಳ ತಲೆಯ ಮೇಲೆ ಕೂತಿದೆಯಾ, ಅಥವಾ ಮಧ್ಯದಲ್ಲಿ ಸ್ಕ್ರೂ ಹಿಡಿದು ನಿಂತಿದೆಯಾ?

ವಿಜಯನಗರ_ಏಂಜಲ್
ಅಣ್ಣ, 18 ಮಿ.ಮೀ. ಅಂತ ಹೇಳಿದ್ದಾರೆ. ಮುಂದೆ ಎರಡು ಬಾಗಿಲು, ಒಳಗೆ ಮಧ್ಯದಲ್ಲಿ ಒಂದು ಪಾರ್ಟಿಷನ್. ಬೇರೆ ಏನು ನೋಡಬೇಕು?

ಮರಗೆಲಸ_ಸಾಗರ
ಪಾರ್ಟಿಷನ್ ಇದೆ ಅಂದರೆ ಒಳ್ಳೆಯದು. ಬಂದ ಕೂಡಲೇ ಇವಿಷ್ಟು ನೋಡಿ.

ಪ್ಲೈ ಮೇಲೆ ಐಎಸ್ 710 ಅಂತ ಸೀಲ್ ಇದೆಯಾ ನೋಡಿ. ಅದು ಮರೈನ್ ಪ್ಲೈ, ನೀರು ತಡೆಯುತ್ತದೆ. ಮರದ ಪುಡಿ, ನಾರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್ ಮೇಲೆ ಲ್ಯಾಮಿನೇಟ್ ಅಂಟಿಸಿ ಕೊಟ್ಟಿದ್ದರೆ ವಾಪಸ್ ಕಳಿಸಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಹಿಂಜ್ ಕೂರಿಸಿದ ತೂತು ನೋಡಿ, ಅಲ್ಲಿ ಗೊತ್ತಾಗುತ್ತದೆ. ಪ್ಲೈ ಆದರೆ ಪದರ ಕಾಣುತ್ತದೆ, ಪಾರ್ಟಿಕಲ್ ಬೋರ್ಡ್ ಆದರೆ ಮರದ ಪುಡಿ. ನೀರು ಬದಲಾಯಿಸುವಾಗ ಚೆಲ್ಲುವ ಹನಿ ಅಂಚಿನಿಂದ ಒಳಗೆ ಇಳಿಯುತ್ತದೆ. ಪಾರ್ಟಿಕಲ್ ಬೋರ್ಡ್ ಉಬ್ಬಿ ಬಿರಿಯುತ್ತದೆ, ಆಮೇಲೆ ಅದಕ್ಕೆ ಶಕ್ತಿಯೇ ಇಲ್ಲ.

ಮೇಲಿನ ಹಲಗೆ ಪಕ್ಕದ ಹಲಗೆಗಳ ಮೇಲೆ ಹೊದ್ದು ಕೂತಿರಬೇಕು. ಭಾರ ಮರದಿಂದ ಮರಕ್ಕೆ ಇಳಿದು ನೆಲಕ್ಕೆ ಹೋಗಬೇಕು. ಸ್ಕ್ರೂ ಇರುವುದು ಅಲುಗಾಡದಂತೆ ಹಿಡಿಯಲು, ಭಾರ ಹೊರಲು ಅಲ್ಲ. ಮಧ್ಯದ ಪಾರ್ಟಿಷನ್ ಕೂಡ ಮೇಲಿನ ಹಲಗೆಗೆ ತಾಗಿರಬೇಕು, ಒಂದು ಕಾಗದ ನುಗ್ಗುವಷ್ಟೂ ಸಂದು ಇರಬಾರದು.

ಹಿಂದುಗಡೆ ಹಲಗೆ ಇರಲೇಬೇಕು. ಪೈಪಿಗೆ, ವೈರಿಗೆ ಅಂತ ಪೂರ್ತಿ ತೆರೆದು ಬಿಡುತ್ತಾರೆ, ಅದು ತಪ್ಪು. ಹಿಂಭಾಗ ಮುಚ್ಚಿಲ್ಲದಿದ್ದರೆ ಸ್ಟ್ಯಾಂಡ್ ಪಕ್ಕಕ್ಕೆ ವಾಲುತ್ತದೆ. ತೂತು ಬೇಕಾದಷ್ಟು ಕೊರೆದು ಉಳಿದದ್ದು ಮುಚ್ಚಿ.

ಟ್ಯಾಂಕ್ ಇಡುವ ಮೊದಲು ಅಕ್ಕಿ ಮೂಟೆ, ನೀರಿನ ಕ್ಯಾನ್ ಏನಿದೆಯೋ ಅದೆಲ್ಲ ಮೇಲಿಟ್ಟು ಪಕ್ಕದಿಂದ ತಳ್ಳಿ ನೋಡಿ. ಕಿರ್ ಅಂದರೆ ಬಡಗಿಯನ್ನು ಅಲ್ಲಿಂದಲೇ ಕರೆಸಿ.

ಗಪ್ಪಿಗುರು
ಇದನ್ನು ಮೊದಲ ಪುಟಕ್ಕೆ ಪಿನ್ ಮಾಡಿ ಯಾರಾದರೂ. ಸ್ಟ್ಯಾಂಡ್ ಬಗ್ಗೆ ಇಷ್ಟು ಬಿಡಿಸಿ ಹೇಳಿದವರು ಯಾರೂ ಇಲ್ಲ.

ದಾವಣಗೆರೆ_ಗೋಲ್ಡ್
ಜಾಗ ಅದೇ ಅಂದಿರಿ. ಯಾವ ದಿಕ್ಕು? ಟ್ಯಾಂಕ್ ಈಶಾನ್ಯದಲ್ಲಿ ಇದ್ದರೆ ಒಳ್ಳೆಯದು ಅಂತ ನಮ್ಮ ಮನೆಯಲ್ಲಿ ನಂಬುತ್ತೇವೆ. ಹೇಗೂ ಎತ್ತುತ್ತಿದ್ದೀರಿ, ಈಗಲೇ ಬದಲಾಯಿಸಿಬಿಡಿ.

ಟೆಟ್ರಾ_ಅಮ್ಮ
ನಂಬಿಕೆ ಅವರವರದು. ಆದರೆ ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲು ನೇರ ಗಾಜಿಗೆ ಬೀಳುವ ಹಾಗಿದ್ದರೆ ಪರದೆ ಹಾಕಿ. ಪಾಚಿ ಹಿಡಿದು ಗಾಜು ಹಸಿರಾಗುತ್ತದೆ, ಬೇಸಿಗೆಯಲ್ಲಿ ನೀರೂ ಕಾಯುತ್ತದೆ.

ಸಿಮೆಂಟ್_ಜಲ್ಲಿ
ದಿಕ್ಕಿಗಿಂತ ನೆಲ ಮುಖ್ಯ. ಇದು ಯಾವ ಮಹಡಿ? ಹಾಲ್‌ನಲ್ಲಿ ಗೋಡೆ ಪಕ್ಕ ಇದೆಯಾ, ನಡುವೆ ಇದೆಯಾ?

ವಿಜಯನಗರ_ಏಂಜಲ್
ಎರಡನೇ ಮಹಡಿ. ಗೋಡೆಗೆ ಆನಿಸಿಕೊಂಡೇ ಇದೆ. ಭಯ ಪಡಬೇಕಾ?

ಸಿಮೆಂಟ್_ಜಲ್ಲಿ
ಇಲ್ಲ. ಮನೆಯ ಕೋಣೆಗಳಿಗೆ ನಮ್ಮ ಐಎಸ್ 875 ಸಂಹಿತೆ ಪ್ರಕಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರ ಅಂತ ಹಿಡಿದು ಸ್ಲ್ಯಾಬ್ ಮಾಡುತ್ತಾರೆ. ನಿಮ್ಮ ಟ್ಯಾಂಕ್, ನೀರು, ಮರಳು, ಸ್ಟ್ಯಾಂಡ್ ಸೇರಿ 350-400 ಕೆ.ಜಿ. ಇರಬಹುದು, ಜಾಗ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಲೆಕ್ಕ ನೋಡಿದರೆ ಮೂರು ಪಟ್ಟು ಅಂತ ಗಾಬರಿ ಆಗುತ್ತದೆ. ಆದರೆ ಆ 200 ಕೋಣೆ ತುಂಬ ಹರಡಿದ ಭಾರದ ಲೆಕ್ಕ. ನಿಮ್ಮ ಹಾಲ್‌ನ ಉಳಿದ ಜಾಗ ಹೆಚ್ಚುಕಮ್ಮಿ ಖಾಲಿ. ಗೋಡೆ ಪಕ್ಕ, ಅದೂ ಕೆಳಗೆ ಬೀಮ್ ಇರುವ ಕಡೆ ಇಟ್ಟರೆ ಸ್ಲ್ಯಾಬ್ ಬಗ್ಗುವುದೂ ಕಡಿಮೆ. ಸರಿಯಾಗಿ ಕಟ್ಟಿದ ಆರ್‌ಸಿಸಿ ಮನೆಯಲ್ಲಿ ನಾಲ್ಕು ಅಡಿ ಟ್ಯಾಂಕಿಗೆ ತೊಂದರೆ ಇಲ್ಲ. ಆರು ಅಡಿ, ಎಂಟು ಅಡಿ ಅಂದರೆ ಮಾತ್ರ ಎಂಜಿನಿಯರ್‌ಗೆ ತೋರಿಸಿ. ಬಾಲ್ಕನಿ ಛಜ್ಜಾ ಮೇಲೆ ಯಾವ ಅಳತೆಯದ್ದೂ ಇಡಬೇಡಿ.

ಮಲೆನಾಡಿನ ಹಳೇ ಮನೆಗಳ ಮರದ ಅಟ್ಟದ ಮೇಲೂ ಬೇಡ.

ನ್ಯೂಜೆರ್ಸಿ_ಕನ್ನಡಿಗ
ಇಲ್ಲಿ ಮನೆಗಳ ನೆಲವೇ ಮರದ್ದು. ನೆಲದಡಿಯ ತೊಲೆಗಳು ಯಾವ ಕಡೆ ಹೋಗಿವೆ ನೋಡಿ, ಅವಕ್ಕೆ ಅಡ್ಡವಾಗಿ ಟ್ಯಾಂಕ್ ಇಡುತ್ತೇವೆ. ಆಗ ಭಾರ ಎರಡು ಮೂರು ತೊಲೆಗೆ ಹಂಚಿಹೋಗುತ್ತದೆ. ಸಿಮೆಂಟ್ ನೆಲದವರು ಪುಣ್ಯವಂತರು.

ಮೈಸೂರು_ಮೋಲಿ
ಬರ್ಲಿನ್‌ನಲ್ಲಿ ಹೋಟೆಲ್ ಒಳಗಿನ ದೊಡ್ಡ ಅಕ್ವೇರಿಯಂ ಒಡೆಯಿತಲ್ಲ, 2022ರ ಡಿಸೆಂಬರ್‌ನಲ್ಲಿ? ಹತ್ತು ಲಕ್ಷ ಲೀಟರ್ ನೀರು ರಸ್ತೆಗೆ ಬಂತು, 1500ರಷ್ಟು ಮೀನುಗಳಲ್ಲಿ ಬಹುಪಾಲು ಸತ್ತವು. ಆ ಸುದ್ದಿ ನೋಡಿದಾಗಿನಿಂದ ನನಗೆ ನಮ್ಮ ಟ್ಯಾಂಕ್ ಪಕ್ಕ ಮಲಗಲೂ ಭಯ.

ಮಂಗಳೂರು_ಮೀನು
ಅದು 16 ಮೀಟರ್ ಎತ್ತರದ ಅಕ್ರಿಲಿಕ್ ಕಂಬ. ಅದರ ತಳದ ಒತ್ತಡಕ್ಕೂ ಒಂದೂವರೆ ಅಡಿ ನೀರಿನ ಒತ್ತಡಕ್ಕೂ ಹೋಲಿಕೆಯೇ ಇಲ್ಲ. ನಿಶ್ಚಿಂತೆಯಿಂದ ಮಲಗಿ.

ವಿಜಯನಗರ_ಏಂಜಲ್
ಟ್ಯಾಂಕ್ ಅಡಿಗೆ ಥರ್ಮಾಕೋಲ್ ಹಾಕಬೇಕಾ? ಈಗ ಏನೂ ಇಲ್ಲ, ಒಂದು ರೆಕ್ಸಿನ್ ಹಾಸಿದ್ದಾರೆ.

ಹುಬ್ಬಳ್ಳಿ_ಆಸ್ಕರ್
ಹಾಕಲೇಬೇಕು.

ನ್ಯೂಜೆರ್ಸಿ_ಕನ್ನಡಿಗ
ಹಾಕಬಾರದು. ಇಲ್ಲಿ ಕಂಪನಿಯವರೇ ಬೇಡ ಅನ್ನುತ್ತಾರೆ.

ಹುಬ್ಬಳ್ಳಿ_ಆಸ್ಕರ್
ನಿಮ್ಮ ಅಮೆರಿಕದ ಕಂಪನಿ ಏನೇ ಅನ್ನಲಿ, ಇಲ್ಲಿ ಥರ್ಮಾಕೋಲ್ ಇಲ್ಲದೆ ತಳ ಬಿರುಕು ಬಿಟ್ಟದ್ದನ್ನು ಪಕ್ಕದ ಮನೆಯಲ್ಲೇ ನೋಡಿದ್ದೇನೆ ರೀ. ಒಂದು ಸಣ್ಣ ಕಲ್ಲು ಕೆಳಗೆ ಸಿಕ್ಕಿಕೊಂಡಿತ್ತು, ಮಣಿಯಷ್ಟು. ಅಲ್ಲಿಂದಲೇ ಗೆರೆ ಹೋಗಿತ್ತು.

ಗಪ್ಪಿಗುರು
ಇಬ್ಬರೂ ಬೇರೆ ಬೇರೆ ಟ್ಯಾಂಕ್ ಬಗ್ಗೆ ಮಾತಾಡುತ್ತಿದ್ದೀರಿ. ತಳದ ಗಾಜೇ ನೇರ ಸ್ಟ್ಯಾಂಡಿಗೆ ತಾಗುವ, ಫ್ರೇಮ್ ಇಲ್ಲದ ಟ್ಯಾಂಕಿಗೆ ಥರ್ಮಾಕೋಲ್ ಅಥವಾ ಫೋಮ್ ಬೇಕು. ಹಲಗೆಯಲ್ಲಿನ ಸಣ್ಣ ಉಬ್ಬುತಗ್ಗು ಅದರೊಳಗೆ ಮುಚ್ಚಿಹೋಗುತ್ತದೆ. ನಮ್ಮಲ್ಲಿ ಅಂಗಡಿಯವರು ಅಂಟಿಸಿ ಕೊಡುವುದು ಹೆಚ್ಚಾಗಿ ಇಂಥದ್ದೇ. ಸುತ್ತ ಪ್ಲಾಸ್ಟಿಕ್ ಫ್ರೇಮ್ ಇರುವ ಟ್ಯಾಂಕಿನಲ್ಲಿ ತಳದ ಗಾಜು ಸ್ವಲ್ಪ ಮೇಲೆ ನಿಂತಿರುತ್ತದೆ, ಭಾರವೆಲ್ಲ ಫ್ರೇಮ್ ಮೇಲೆ. ಅದಕ್ಕೆ ಥರ್ಮಾಕೋಲ್ ಹಾಕಿದರೆ ಅದು ಮಧ್ಯದ ಗಾಜನ್ನು ಕೆಳಗಿನಿಂದ ಒತ್ತುತ್ತದೆ. ಹಾಗಾಗಿ ಬೇಡ.

ವಿಜಯನಗರದವರೆ, ನಿಮ್ಮದಕ್ಕೆ ಪ್ಲಾಸ್ಟಿಕ್ ಫ್ರೇಮ್ ಇಲ್ಲ ಅಲ್ವಾ? ಹಾಗಾದರೆ ಅರ್ಧ ಇಂಚಿನ ಥರ್ಮಾಕೋಲ್, ಒಂದೇ ಶೀಟು ಪೂರ್ತಿ ತಳಕ್ಕೆ. ತುಂಡು ಜೋಡಿಸಬೇಡಿ. ಹಾಸುವ ಮುಂಚೆ ಹಲಗೆಯ ಮೇಲೆ ಅಂಗೈ ಸವರಿ ನೋಡಿ, ಮರಳಿನ ಕಾಳೂ ಇರಬಾರದು.

ನ್ಯೂಜೆರ್ಸಿ_ಕನ್ನಡಿಗ
ಸರಿ, ನಮ್ಮದು ಫ್ರೇಮ್ ಇರುವುದೇ. ಹುಬ್ಬಳ್ಳಿಯವರೆ, ಒಪ್ಪಿದೆ.

ಮರಗೆಲಸ_ಸಾಗರ
ಲೆವೆಲ್ ನೋಡುವುದನ್ನು ಯಾರೂ ಹೇಳಲಿಲ್ಲ. ರಸಮಟ್ಟ ಇಟ್ಟು ಉದ್ದಕ್ಕೂ ಅಗಲಕ್ಕೂ ನೋಡಿ. ವ್ಯತ್ಯಾಸ ಇದ್ದರೆ ಸ್ಟ್ಯಾಂಡಿನ ಕೆಳಗೆ, ನೆಲಕ್ಕೂ ಮರಕ್ಕೂ ನಡುವೆ ಪ್ಯಾಕಿಂಗ್ ಕೊಡಿ. ಗಾಜಿಗೂ ಹಲಗೆಗೂ ನಡುವೆ ಆ ಥರ್ಮಾಕೋಲ್ ಶೀಟು ಬಿಟ್ಟು ಬೇರೇನನ್ನೂ ತುರುಕಬೇಡಿ. ರಟ್ಟು ಮಡಿಸಿ ಇಡಬೇಡಿ, ಒದ್ದೆಯಾದರೆ ಕುಸಿಯುತ್ತದೆ.

ಹೊಸಬ_ತುಮಕೂರು
ಹಳೇ ನೀರು ಎಷ್ಟು ಉಳಿಸಬೇಕು? ನಾನೂ ಸ್ಟ್ಯಾಂಡ್ ಬದಲಾಯಿಸಬೇಕು, ಅದಕ್ಕೆ ಕೇಳಿದೆ. ಬ್ಯಾಕ್ಟೀರಿಯಾ ನೀರಿನಲ್ಲಿ ಇರುತ್ತದೆ, ಪೂರ್ತಿ ಉಳಿಸಿ ಅಂತ ಒಬ್ಬರು ಹೇಳಿದರು.

ಗಪ್ಪಿಗುರು
ನೀರಿನಲ್ಲಿ ಇರುವುದು ಬಹಳ ಕಮ್ಮಿ. ಫಿಲ್ಟರ್ ಒಂದು ಉಳಿಸಿಕೊಂಡರೆ ಸಾಕು.

ಮಂಗಳೂರು_ಮೀನು
ಹೌದು. ಆದರೂ ಅರ್ಧದಷ್ಟಾದರೂ ಹಳೇ ನೀರು ಇಟ್ಟುಕೊಳ್ಳಿ ಅನ್ನುತ್ತೇನೆ, ಬ್ಯಾಕ್ಟೀರಿಯಾಗಾಗಿ ಅಲ್ಲ. ನೀರಿನ ಗಡಸು, ಪಿಎಚ್ (ಆಮ್ಲ-ಕ್ಷಾರದ ಅಳತೆ), ಬಿಸಿ ಇವೆಲ್ಲ ಒಮ್ಮೆಲೇ ಬದಲಾದರೆ ಮೀನಿಗೆ ತಡೆಯುವುದಿಲ್ಲ. ಹಳೇ ಟ್ಯಾಂಕುಗಳಲ್ಲಿ ಪಿಎಚ್ ನಿಧಾನವಾಗಿ ಇಳಿದಿರುತ್ತದೆ. ಅಲ್ಲಿ ಅಮೋನಿಯ ಇದ್ದರೂ ಹೆಚ್ಚು ಪಾಲು ಅಮೋನಿಯಂ ರೂಪದಲ್ಲಿ, ಅಷ್ಟು ವಿಷವಲ್ಲದೆ ಇರುತ್ತದೆ. ಪಿಎಚ್ ಜಾಸ್ತಿ ಇರುವ ಬೋರ್‌ವೆಲ್ ನೀರನ್ನು ಅದರ ಮೇಲೆ ಸುರಿದರೆ ಅದೇ ಅಮೋನಿಯಂ ವಿಷದ ಅಮೋನಿಯ ಆಗಿ ತಿರುಗುತ್ತದೆ. "ಶುದ್ಧ ನೀರು ಹಾಕಿದೆ, ಮೀನು ಸತ್ತವು" ಅನ್ನುವ ಎಷ್ಟೋ ಪ್ರಕರಣಗಳ ಹಿಂದೆ ಇದೇ ಇರುತ್ತದೆ.

ನೀರು ಎಳೆಯುವುದನ್ನು ಎಲ್ಲಕ್ಕಿಂತ ಮೊದಲು ಮಾಡಿ. ಮರ, ಗಿಡ, ಮರಳು ಮುಟ್ಟುವ ಮೊದಲೇ ತಿಳಿಯಾಗಿರುವ ನೀರು ಕ್ಯಾನ್‌ಗಳಿಗೆ ಹೋಗಬೇಕು. 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ಒಳ್ಳೆಯದು. ಸೋಪು ತಾಗಿದ ಬಕೆಟ್ ಬೇಡವೇ ಬೇಡ.

ವಿಜಯನಗರ_ಏಂಜಲ್
ನಮಗೆ ಕಾವೇರಿ ನೀರೂ ಬರುತ್ತದೆ, ಬೋರ್ ಕೂಡ ಇದೆ. ಯಾವುದು ಹಾಕಲಿ?

ಟೆಟ್ರಾ_ಅಮ್ಮ
ಇಷ್ಟು ದಿನ ಯಾವುದು ಹಾಕುತ್ತಿದ್ದಿರೋ ಅದೇ. ಅವತ್ತು ಹೊಸ ಪ್ರಯೋಗ ಬೇಡ.

ಕಾವೇರಿ ನೀರಾದರೆ ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕದಲ್ಲೇ ಕ್ಲೋರಿನ್ ಹಾಕಿ ಕಳಿಸುತ್ತಾರೆ. ಹಿಂದಿನ ದಿನವೇ ಡ್ರಮ್ಮಿನಲ್ಲಿ ತುಂಬಿ ಏರ್ ಪಂಪ್ ಹಾಕಿಡಿ, ಇಲ್ಲವೇ ಆಂಟಿ ಕ್ಲೋರಿನ್ ಹಾಕಿ. ಅದು ಬೇರೇನಲ್ಲ, ಸೋಡಿಯಂ ಥಯೋಸಲ್ಫೇಟ್. ಬೋರ್ ನೀರಿಗೆ ಕ್ಲೋರಿನ್ ಚಿಂತೆ ಇಲ್ಲ, ಗಡಸಿನ ಚಿಂತೆ. ಟ್ಯಾಂಕರ್ ನೀರು ಆ ವಾರ ಬೇಡ, ಯಾವ ಬೋರಿನದು ಅಂತಲೇ ಗೊತ್ತಿರುವುದಿಲ್ಲ.

ವಿಜಯನಗರ_ಏಂಜಲ್
ಕಾವೇರಿನೇ ಹಾಕುತ್ತಿದ್ದೆವು. ಶನಿವಾರ ಸಂಜೆ ಡ್ರಮ್ ತುಂಬಿಸುತ್ತೇನೆ. ಮೀನು ಹಿಡಿಯುವುದು ಹೇಗೆ? ಏಂಜಲ್‌ಗಳ ರೆಕ್ಕೆ ಹರಿಯುತ್ತದೆ ಅಂತ ಭಯ.

ಟೆಟ್ರಾ_ಅಮ್ಮ
ನೀರು ಒಂದು ಗೇಣಿಗೆ ಇಳಿಯುವ ತನಕ ಬಲೆ ಮುಟ್ಟಲೇ ಬೇಡಿ. ತುಂಬಿದ ಟ್ಯಾಂಕಿನಲ್ಲಿ ಅಟ್ಟಿಸಿಕೊಂಡು ಹೋದರೆ ಅವಕ್ಕೂ ಸುಸ್ತು, ನಿಮಗೂ ಸುಸ್ತು. ಡ್ರಿಫ್ಟ್‌ವುಡ್ ಮೊದಲು ತೆಗೆಯಿರಿ, ಅಡಗಲು ಜಾಗ ಇರುವುದಿಲ್ಲ. ಏಂಜಲ್‌ಗಳನ್ನು ಬಲೆಯಿಂದ ಮೂಲೆಗೆ ಓಡಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಸಮೇತ ಮೊಗೆಯಿರಿ. ಸಕ್ಕರ್ ಮೀನಿಗೂ ಕೋರಿಗೂ ಬಲೆ ಬೇಡ. ಪಕ್ಕದ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಪ್ರಾಣ ಹೋಗುತ್ತದೆ, ಬಲೆ ಕತ್ತರಿಸಬೇಕಾಗುತ್ತದೆ. ಸಕ್ಕರ್ ಮೀನಿಗೆ ಬೇರೆಯೇ ಟಬ್ ಇಡಿ.

ಎಲ್ಲ ಟಬ್‌ಗೂ ಮುಚ್ಚಳ ಅಥವಾ ಒದ್ದೆ ಟವಲ್ ಹಾಕಿ. ಗಾಬರಿಯಲ್ಲಿ ಹಾರುತ್ತವೆ. ಕತ್ತಲಾದರೆ ಸುಮ್ಮನಾಗುತ್ತವೆ. ಏರ್ ಪಂಪಿನ ಗಾಳಿಯನ್ನು ಗುಳ್ಳೆ ಮಾಡಿ ಬಿಡುವ ಏರ್ ಸ್ಟೋನ್ ಇರಲಿ. ಹಿಂದಿನ ದಿನ ಊಟ ಹಾಕಬೇಡಿ, ಟಬ್ ನೀರು ಕೆಡುವುದಿಲ್ಲ.

ಮೈಸೂರು_ಮೋಲಿ
ಕರೆಂಟ್ ಹೋದರೆ? ಭಾನುವಾರ ನಮ್ಮ ಕಡೆ ಹೋಗೇ ಹೋಗುತ್ತದೆ.

ಟೆಟ್ರಾ_ಅಮ್ಮ
ಏರ್ ಪಂಪ್ ನಾಲ್ಕೈದು ವಾಟ್ ಅಷ್ಟೆ, ಯುಪಿಎಸ್ ಪಾಯಿಂಟಿಗೆ ಹಾಕಿ.

ಕೆರೆ_ಏರಿ
ಸಕ್ಕರ್ ಮೀನು ಅಷ್ಟು ದೊಡ್ಡದಾಗಿದ್ದರೆ ಇದೇ ಸಮಯ. ಹತ್ತಿರದ ಕೆರೆಗೆ ಬಿಟ್ಟುಬಿಡಿ, ಆರಾಮಾಗಿ ಬದುಕುತ್ತದೆ.

ಗಪ್ಪಿಗುರು
ದಯವಿಟ್ಟು ಹಾಗೆ ಹೇಳಬೇಡಿ.

ಮಂಗಳೂರು_ಮೀನು
ಆರಾಮಾಗಿ ಬದುಕುತ್ತದೆ, ತೊಂದರೆಯೇ ಅದು! ಅದು ದಕ್ಷಿಣ ಅಮೆರಿಕದ ಮೀನು. ಕೊಳಚೆ ನೀರಿನಲ್ಲೂ ಬದುಕುತ್ತದೆ, ಮೈಮೇಲೆ ಗಟ್ಟಿ ಚಿಪ್ಪು, ಇಲ್ಲಿ ಅದನ್ನು ತಿನ್ನುವವರು ಕಡಿಮೆ. ಏರಿಯಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ, ದಡ ಸಡಿಲವಾಗುತ್ತದೆ. ಮೀನುಗಾರರ ಬಲೆಗೆ ಸಿಕ್ಕಿ ಬಲೆ ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ. ನಮ್ಮ ನಾಡಿನ ಕೆರೆಗಳಲ್ಲಿ ಈಗಾಗಲೇ ತುಂಬಿಕೊಂಡಿವೆ. ಎಲ್ಲ ಶುರುವಾಗಿದ್ದು ಯಾರೋ ಪಾಪ ಅಂತ ಬಿಟ್ಟ ಮೀನುಗಳಿಂದ. ಸಾಕಲು ಆಗದಿದ್ದರೆ ಅಂಗಡಿಗೆ ವಾಪಸ್ ಕೊಡಿ, ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ. ಕೆರೆಗೆ ಮಾತ್ರ ಬೇಡ.

ಕೆರೆ_ಏರಿ
ಇದು ನಿಜಕ್ಕೂ ಗೊತ್ತಿರಲಿಲ್ಲ. ಇನ್ನು ಯಾರಿಗೂ ಹೇಳುವುದಿಲ್ಲ.

ವಿಜಯನಗರ_ಏಂಜಲ್
ಯಾರಿಗೂ ಕೊಡುವುದಿಲ್ಲ, ನಮ್ಮ ಮಗಳ ಪ್ರೀತಿಯ ಮೀನು ಅದು.

ಗಪ್ಪಿಗುರು
ಹೀಟರ್ ಇದ್ದರೆ ನೀರು ಇಳಿಸುವ ಅರ್ಧ ಗಂಟೆ ಮೊದಲೇ ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಬಿಸಿ ಗಾಜು ನೀರಿನಿಂದ ಹೊರಗೆ ಬಂದರೆ ಒಡೆಯುತ್ತದೆ. ಮತ್ತೆ ನೀರು ತುಂಬಿ ಸ್ವಲ್ಪ ಹೊತ್ತಾದ ಮೇಲೆ ಹಾಕಿ.

ಕ್ಯಾನಿಸ್ಟರನ್ನು ಮುಚ್ಚಿ ಗಂಟೆಗಟ್ಟಲೆ ಬಿಡಬೇಡಿ. ಒಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತದೆ. ಬಿಚ್ಚಿ, ಸ್ಪಂಜು ರಿಂಗುಗಳನ್ನು ಟ್ಯಾಂಕ್ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಏರ್ ಸ್ಟೋನ್ ಬಿಡಿ. ಆಮೇಲೆ ಇನ್ನೊಂದು. ಹೊಸ ಸ್ಟ್ಯಾಂಡ್ ಅರ್ಧ ಅಡಿ ಎತ್ತರ ಜಾಸ್ತಿ. ಹಳೇ ಪೈಪ್ ಸಾಲುತ್ತದಾ ಇವತ್ತೇ ಅಳೆದು ನೋಡಿ. ಭಾನುವಾರ ಸಂಜೆ ಅಂಗಡಿ ಹುಡುಕಿಕೊಂಡು ಓಡಬೇಡಿ.

ವಿಜಯನಗರ_ಏಂಜಲ್
ಅಳೆದೆ. ಒಳಗೆ ಹೋಗುವ ಪೈಪ್ ಸಾಲುತ್ತದೆ, ಹೊರಗೆ ಬರುವುದು ಗೇಣು ಕಮ್ಮಿ ಬರುತ್ತದೆ! ಈಗಲೇ ತರುತ್ತೇನೆ. ಗುರುಗಳೆ, ನಿಮಗೆ ದೊಡ್ಡ ನಮಸ್ಕಾರ.

ಹುಬ್ಬಳ್ಳಿ_ಆಸ್ಕರ್
ಎತ್ತುವಾಗ ಮೇಲಿನ ಅಡ್ಡಪಟ್ಟಿ ಹಿಡಿಯಬೇಡ್ರಿ. ಅದು ಗಾಜು ಹೊರಗೆ ಉಬ್ಬದಂತೆ ಹಿಡಿಯಲು ಇರುವುದು, ಭಾರ ಎತ್ತಲು ಅಲ್ಲ. ಕೈ ತಳದ ಗಾಜಿನ ಅಡಿಗೇ ಹೋಗಬೇಕು. ಹೊರಮೈ ಒಣಬಟ್ಟೆಯಲ್ಲಿ ಒರೆಸಿ, ರಬ್ಬರ್ ಹಿಡಿತದ ಕೈಗವಸು ಹಾಕಿಕೊಳ್ಳಿ. ಕಾಲಿಗೆ ಶೂ ಇರಲಿ. ಒಬ್ಬರು ಮಾತ್ರ ಮಾತಾಡಬೇಕು, ಉಳಿದವರು ಅವರ ಮಾತಿಗೆ ಎತ್ತಬೇಕು.

ಖಾಲಿ ಇರುವಾಗ ಗಾಜಿನ ಮೇಲಿನ ಬಿಳಿ ಗೆರೆಗೆ ನಿಂಬೆಹಣ್ಣು ಅಥವಾ ವಿನಿಗರ್ ಉಜ್ಜಿ, ನೀರಿನಲ್ಲಿ ತೊಳೆದುಬಿಡಿ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಸೋಪು, ಗಾಜು ಒರೆಸುವ ಸ್ಪ್ರೇ ಬೇಡ.

ವಿಜಯನಗರ_ಏಂಜಲ್
ಭಾನುವಾರ ರಾತ್ರಿ. ಮುಗಿಯಿತು, ಎಲ್ಲ ಮೀನೂ ಕ್ಷೇಮ. ಎಲ್ಲರಿಗೂ ಧನ್ಯವಾದ.

ಸ್ಟ್ಯಾಂಡ್ ಒಳ್ಳೆಯ ಪ್ಲೈ, ಹಿಂಜ್ ತೂತಿನಲ್ಲಿ ಪದರ ಕಂಡಿತು. ಆದರೆ ಮಧ್ಯದ ಪಾರ್ಟಿಷನ್ ಮತ್ತು ಮೇಲಿನ ಹಲಗೆ ನಡುವೆ ಸಂದು ಇತ್ತು. ಸಾಗರದ ಅಣ್ಣ ಹೇಳಿದ ಹಾಗೆ ಕಾಗದ ತೂರಿಸಿ ನೋಡಿದೆ, ಸರಾಗವಾಗಿ ಹೋಯಿತು. ಬಡಗಿಯವರು ಅಲ್ಲೇ ನಿಂತು ಮರದ ಪಟ್ಟಿ ಸೇರಿಸಿ ಬಿಗಿ ಮಾಡಿಕೊಟ್ಟರು. ನೆಲ ಎಡಗಡೆ ಸ್ವಲ್ಪ ಇಳಿಜಾರು ಇತ್ತು, ಕೆಳಗೆ ಪ್ಯಾಕಿಂಗ್ ಕೊಟ್ಟೆವು.

ಮರಳಿನ ಮೇಲೆ ಊಟದ ತಟ್ಟೆ ಮಗುಚಿ ಇಟ್ಟು, ಅದರ ಮೇಲೆ ನೀರು ಬಿಟ್ಟೆವು. ಹಾಗಾಗಿ ಕೆದಕಲಿಲ್ಲ. ಅರ್ಧ ತುಂಬಿದಾಗ ನಿಲ್ಲಿಸಿ, ನಾಲ್ಕೂ ಮೂಲೆಗೆ ನ್ಯೂಸ್‌ಪೇಪರ್ ಪಟ್ಟಿ ಒತ್ತಿ ನೋಡಿದೆವು. ಒಣಗೇ ಇತ್ತು. ತುಂಬುವಾಗ ಥರ್ಮಾಕೋಲ್ ಚರ್ ಚರ್ ಅಂತ ಸದ್ದು ಮಾಡಿತು, ಭಾವ ಒಂದು ಹೆಜ್ಜೆ ಹಿಂದೆ ಹೋದರು.

ಏಂಜಲ್‌ಗಳ ಕಪ್ಪು ಪಟ್ಟೆ ಪೂರ್ತಿ ಮಸುಕಾಗಿದೆ. ಒಂದು ಮೂಲೆಯಲ್ಲಿ ಒಟ್ಟಾಗಿ ನಿಂತಿವೆ. ಕಾಯಿಲೆನಾ?

ಟೆಟ್ರಾ_ಅಮ್ಮ
ಭಯ, ಅಷ್ಟೆ. ಲೈಟ್ ಆರಿಸಿ, ಮಲಗಲು ಬಿಡಿ. ಬೆಳಿಗ್ಗೆ ಪಟ್ಟೆ ಬರುತ್ತದೆ. ನಾಳೆ ಊಟ ಬೇಡ, ನಾಳಿದ್ದು ಚಿಟಿಕೆ.

ಮರಗೆಲಸ_ಸಾಗರ
ನಾಳೆ ಬೆಳಿಗ್ಗೆ ಇನ್ನೊಮ್ಮೆ ಲೆವೆಲ್ ನೋಡಿ. ಟ್ಯಾಂಕಿನ ಎರಡೂ ತುದಿಯಲ್ಲಿ ನೀರಿನ ಗೆರೆಯಿಂದ ಮೇಲಂಚಿಗೆ ಅಳೆದರೆ ಸಾಕು. ಭಾರ ಬಿದ್ದ ಮೇಲೆ ಮರ ಸ್ವಲ್ಪ ಕೂರುತ್ತದೆ.

ವಿಜಯನಗರ_ಏಂಜಲ್
ಅಳೆದೆ ಅಣ್ಣ, ಎರಡೂ ಕಡೆ ಸಮ ಇದೆ. ಪಟ್ಟೆಗಳೂ ಬಂದಿವೆ. ಆದರೆ ಇವತ್ತು ಟೆಸ್ಟ್ ಕಿಟ್‌ನಲ್ಲಿ ಅಮೋನಿಯ 0.25 ತೋರಿಸುತ್ತಿದೆ.

ಮಂಗಳೂರು_ಮೀನು
ಮರಳು ತೆಗೆದು ಮತ್ತೆ ಹಾಕಿದ್ದಕ್ಕೆ ಸ್ವಲ್ಪ ಬರುತ್ತದೆ. ಕಾಲು ಭಾಗ ನೀರು ಬದಲಾಯಿಸಿ, ಕ್ಲೋರಿನ್ ತೆಗೆದ ನೀರೇ ಇರಲಿ. ಫಿಲ್ಟರ್ ಮುಟ್ಟಬೇಡಿ. ಸೊನ್ನೆ ಬರುವ ತನಕ ದಿನಾ ಟೆಸ್ಟ್ ಮಾಡಿ, ಊಟ ಅರ್ಧ ಮಾಡಿ. ಹೊಸ ಮೀನು ಈ ತಿಂಗಳು ತರಬೇಡಿ.

ವಿಜಯನಗರ_ಏಂಜಲ್
ಬದಲಾಯಿಸಿದೆ. ಇವತ್ತು ಸೊನ್ನೆ!

ಹೊಸಬ_ತುಮಕೂರು
ನನ್ನ ಸ್ಟ್ಯಾಂಡ್ ಬದಲಾಯಿಸುವ ಮೊದಲೇ ಮೈಸೂರಿಗೆ ವರ್ಗ ಆಯಿತು. ಮೂರು ಅಡಿ ಟ್ಯಾಂಕ್, ಮೋಲಿಗಳು. ಬಕೆಟ್ಟಿನಲ್ಲೇ ಮೀನು ಕಾರಿನಲ್ಲಿ ತೆಗೆದುಕೊಂಡು ಹೋಗಬಹುದಾ?

ಮೈಸೂರು_ಮೋಲಿ
ಬಕೆಟ್ ಬೇಡ, ದಾರಿಯುದ್ದಕ್ಕೂ ತುಳುಕುತ್ತದೆ. ಅಂಗಡಿಯಲ್ಲಿ ಕವರಿಗೆ ಮೂರನೇ ಒಂದು ಭಾಗ ನೀರು, ಉಳಿದದ್ದು ಆಮ್ಲಜನಕ ತುಂಬಿ ಕಟ್ಟಿಸಿಕೊಳ್ಳಿ. ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ತನ್ನಿ. ಮೈಸೂರಿನಲ್ಲಿ ಯಾವ ಏರಿಯಾ? ನೀರು ಹೇಗಿದೆ ಅಂತ ಹೇಳುತ್ತೇನೆ.

ಹೊಸಬ_ತುಮಕೂರು
ಕುವೆಂಪುನಗರ. ಹೊಸ ಚರ್ಚೆ ಶುರು ಮಾಡುತ್ತೇನೆ, ಅಲ್ಲಿಗೆ ಬನ್ನಿ.